ಹೊಟ್ಟೆಯೊಳಗಿನ ಅಂಕಿ

ಬೇವಿನ ಕಡ್ಡಿ ಬಿಸಾಕಿ ಬಾಯಿ ಮುಕ್ಕಳಿಸಿ ಉಗುಳುವಾಗ ಭಾಗಣ್ಣನಿಗೆ ಒಂದು ಗಳಿಗೆ ಅಂಜಿಕೆಯಾಯಿತು. ನೀರಿನ ಜೊತೆ ಆ ಅಂಕಿಯೂ ಹೊರಗೆ ಬಿದ್ದು, ಬಚ್ಚಲ ಕಲ್ಲಿನ ಮೇಲೆ ಊರಿಗೆಲ್ಲ ಕಾಣುವಂತೆ ಕೂತುಬಿಟ್ಟರೆ? ಬಗ್ಗಿ ನೋಡಿದ. ನೀರಿತ್ತು, ಬೇವಿನ ನಾರಿತ್ತು, ಮತ್ತೇನೂ ಇರಲಿಲ್ಲ. ತನ್ನ ಹುಚ್ಚಿಗೆ ತಾನೇ ನಕ್ಕ. ನಕ್ಕದ್ದನ್ನು ಯಾರಾದರೂ ಕಂಡರೋ ಎಂದು ಸುತ್ತ ನೋಡಿ ಮತ್ತೆ ಮುಖ ಬಿಗಿಮಾಡಿಕೊಂಡ. ನಿನ್ನೆ ಯಾದಗಿರಿಯ ಪ್ರವಾಸಿ ಮಂದಿರದ ಹಿಂದಿನ ಕೋಣೆಯಲ್ಲಿ ನುಂಗಿದ ಅಂಕಿ ಅದು. ಬಸ್ಸಿನ ಕುಲುಕಾಟಕ್ಕೆ ಅಲುಗಲಿಲ್ಲ, ಹೆಂಡತಿ ಕರೆಮ್ಮ ಬಡಿಸಿದ ರೊಟ್ಟಿ ಪುಂಡಿಪಲ್ಲೆಯ ಜೊತೆ ಕರಗಲಿಲ್ಲ. ಹೊಕ್ಕುಳ ಮೇಲೆ ಎಲ್ಲೋ ಬೆಚ್ಚಗೆ ಕೂತಿತ್ತು. ಬಸುರಿಯರು ಹೊಟ್ಟೆಯ ಮೇಲೆ ಸುಮ್ಮಸುಮ್ಮನೆ ಕೈಯಾಡಿಸಿಕೊಳ್ಳುವುದು ಯಾಕೆ ಎಂಬುದು ತಲೆ ಬೆಳ್ಳಗಾದ ಮೇಲೆ ಅವನಿಗೆ ತಿಳಿಯತೊಡಗಿತ್ತು. ಖುಷಿಯೋ ದಿಗಿಲೋ ಅವನಿಗೇ ಗೊತ್ತಾಗುತ್ತಿರಲಿಲ್ಲ. ಒಲೆಯ ಮುಂದಿನಿಂದ ಕರೆಮ್ಮ ಕೂಗಿದಳು, “ಬಾಯಿ ತೊಳಕೊಂಡಿದ್ದು ಆತೇನ್ರಿ? ಇಲ್ಲಾ ಅದೂ ಗುಟ್ಟೇನು?”

ಕಾಲುವೆ ಬಂದಾಗ ಇವರ ಊರೊಂದರ ಹಣೆಬರಹ ಸೊಟ್ಟಗಾಗಿತ್ತು. ಶಹಾಪುರದ ಸುತ್ತಿನ ಹೊಲಗಳೆಲ್ಲ ಹಸಿರಾಗಿ, ಸಜ್ಜೆ ರೊಟ್ಟಿ ಮುರಿಯುತ್ತಿದ್ದವರು ಭತ್ತ ಬೆಳೆದು ಮೀಸೆ ತಿರುವುವಾಗ, ಇವರ ಊರು ದಿಬ್ಬದ ಮೇಲೆ ಕೂತು ಕೆಳಗೆ ಹರಿಯುವ ನೀರನ್ನು ನೋಡುತ್ತಿತ್ತು. ಕಡೆಗೆ ಒಂದು ಕಂಪನಿ ಬಂದು ಪಂಪು ಕೂರಿಸಿ ನೀರನ್ನು ದಿಬ್ಬಕ್ಕೆ ಹತ್ತಿಸಿತು. ಎಕರೆಗೆ ಇಷ್ಟು ಎಂದು ದರವಾಯಿತು. ಕರೆಮ್ಮನ ತವರಿನವರು ಕೊಟ್ಟ ತುಂಡು ಹೊಲವೂ ಆ ನೀರು ಕುಡಿದು ಜೋಳದ ತೆನೆ ತೂಗಿತು. ಈಗ ಅದೇ ಕಂಪನಿ ದರವನ್ನು ಒಮ್ಮೆಗೇ ದುಪ್ಪಟ್ಟು ಮಾಡಿಕೊಡಿ ಎಂದು ದರ ಮಂಡಳಿಗೆ ಅರ್ಜಿ ಹಾಕಿತ್ತು. ಊರಿನ ಪರವಾಗಿ ತಾಯಪ್ಪ ಮಾಸ್ತರರು ತಕರಾರು ಬರೆದರು. ಕಂಪನಿಯ ಖರ್ಚಿನ ಕಾಗದ ನಮಗೂ ತೋರಿಸಿ ಎಂದು ಕೇಳಿದರು. ಅದು ನಮ್ಮ ವ್ಯಾಪಾರದ ಗುಟ್ಟು, ಸುರಪುರದ ಕಡೆ ಇಂಥದೇ ಇನ್ನೊಂದು ಕೆಲಸಕ್ಕೆ ಟೆಂಡರು ಹಾಕಿದ್ದೇವೆ, ಎದುರಾಳಿಗೆ ಗೊತ್ತಾದರೆ ಮುಳುಗಿದೆವು ಎಂದು ಕಂಪನಿ ಅಂದಿತು. ಅದೂ ಸುಳ್ಳಲ್ಲ. ಕಡೆಗೆ ಮಂಡಳಿ ನಡುವಿನ ಹಾದಿ ಹಿಡಿಯಿತು. ಊರಿನ ಒಬ್ಬನೇ ಒಬ್ಬ ಬಂದು ಗುಟ್ಟು ಬಿಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು, ಮುಚ್ಚಿದ ಕೋಣೆಯಲ್ಲಿ ಕೂತು ಓದಿ ಹೋಗಲಿ. ಮಾಸ್ತರರೇ ಹೋಗಬೇಕಿತ್ತು, ಆದರೆ ಅವರ ಹೆಂಡತಿಯ ತಮ್ಮ ಶಹಾಪುರದಲ್ಲಿ ಪಂಪು ಮಾರುತ್ತಾನೆ ಎಂದು ಕಂಪನಿ ತಗಾದೆ ತೆಗೆಯಿತು. ಓದು ಬಲ್ಲ ಉಳಿದವರಿಗೂ ಇಂಥದೇ ಒಂದಲ್ಲ ಒಂದು ನೆಂಟಸ್ತಿಕೆ ಅಂಟಿಕೊಂಡಿತ್ತು. ಉಳಿದವನು ದನದ ದಲ್ಲಾಳಿ ಭಾಗಣ್ಣ.

ಕೋಣೆಗೆ ಹೋದಾಗ ಮಂಡಳಿಯ ಕಾರ್ಯದರ್ಶಿ, ಮಗಳ ವಯಸ್ಸಿನ ಹೆಣ್ಣುಮಗಳು, ಎದ್ದು ನಿಂತು ಕುರ್ಚಿ ತೋರಿಸಿದ್ದಳು. ಎದ್ದು ನಿಂತದ್ದು ತನಗೇ ಎಂದು ತಿಳಿಯದೆ ಭಾಗಣ್ಣ ಹಿಂದೆ ತಿರುಗಿ ಯಾರು ಬಂದರೆಂದು ನೋಡಿದ್ದ. ಆ ನಾಚಿಕೆ ಈಗಲೂ ಕಿವಿಯಲ್ಲಿ ಬಿಸಿಯಾಗಿತ್ತು. ಮೈಸೂರು ಕಡೆಯ ಮಾತು ಅವಳದು. “ನೀವು ಇಲ್ಲಿ ನೋಡಿದ್ದನ್ನ ಬಾಯಿಂದಾಗಲಿ ಬರಹದಿಂದಾಗಲಿ ಯಾರಿಗೂ ತಿಳಿಸಬಾರದು. ತಿಳಿಸಿದ್ರೆ ನಿಮ್ಮೂರಿನ ತಕರಾರು ವಜಾ ಆಗುತ್ತೆ. ಮುಂದೆ ಯಾವ ಊರಿನವರಿಗೂ ಇಂಥ ಕಾಗದ ನೋಡೋಕೆ ಸಿಗಲ್ಲ. ನಿಮ್ಮನ್ನ ನಂಬಿ ಕೊಡ್ತಿದೀವಿ.” ನಂಬಿ. ಆ ಮಾತನ್ನು ಅವಳು ಅಷ್ಟು ಸಲೀಸಾಗಿ ಅಂದುಬಿಟ್ಟಳು. ಅವನ ಮದುವೆಯಲ್ಲಿ ಮಾವ ಅಕ್ಕಿಕಾಳು ಹಾಕುತ್ತಲೇ ಅಂದಿದ್ದ, ದಲ್ಲಾಳಿ ಮಾತಂದ್ರ ಎಮ್ಮಿ ಬಾಲ, ಯಾವ ಕಡಿ ಹೊಳ್ಳತದೋ ಎಮ್ಮಿಗೇ ಗೊತ್ತಿರಂಗಿಲ್ಲ ಅಂತ. ನೆರೆದವರೆಲ್ಲ ನಕ್ಕಿದ್ದರು, ಅವನೂ ನಕ್ಕಿದ್ದ, ನಗದೆ ಏನು ಮಾಡುವುದು. ಕೊಳ್ಳುವವನಿಗೆ ಒಂದು, ಮಾರುವವನಿಗೆ ಒಂದು, ಎರಡು ನಾಲಿಗೆಯವ ಎಂದು ಊರು ಅವನನ್ನು ಪ್ರೀತಿಯಿಂದಲೇ ಕರೆಯುತ್ತಿತ್ತು, ಪ್ರೀತಿಯಿಂದಲೇ ನಂಬುತ್ತಿರಲಿಲ್ಲ. ಮುಚ್ಚಳಿಕೆಗೆ ಸಹಿ ಹಾಕುವಾಗ ‘ಭಾಗಣ್ಣ’ ಎಂಬುದು ಗೆರೆ ಬಿಟ್ಟು ಸ್ವಲ್ಪ ಮೇಲಕ್ಕೆ ಹತ್ತಿ ಹೋಯಿತು. ಕಾಗದದ ತುಂಬ ಸವಕಳಿ, ಬಡ್ಡಿ, ಬಂಡವಾಳ. ಅರ್ಧಕ್ಕರ್ಧ ಅವನಿಗೆ ತಿಳಿಯಲಿಲ್ಲ, ತಿಳಿದಂತೆ ತಲೆಯಾಡಿಸುತ್ತ ಪುಟ ತಿರುಗಿಸಿದ. ಕೊನೆಯ ಹಾಳೆಗೆ ಬಂದಾಗ ಒಂದು ಸಾಲು ಕಣ್ಣಿಗೆ ಬಿತ್ತು: ಎಕರೆಗೆ ಇಷ್ಟಕ್ಕಿಂತ ಕೆಳಗೆ ಇಳಿದರೆ ಪಂಪು ನಡೆಸಲಾಗದು. ಅವನ ಬೆನ್ನು ನೆಟ್ಟಗಾಯಿತು. ಇದು ಗೊತ್ತಿತ್ತು ಅವನಿಗೆ. ಮಾರುವವನು ಮನಸ್ಸಿನಲ್ಲಿ ಇಟ್ಟುಕೊಂಡ ಕೊನೆಯ ಬೆಲೆ. ಎಷ್ಟು ಎಂದು ಇಲ್ಲಿ ಬರೆಯುವಂತಿಲ್ಲ. ಮುಚ್ಚಳಿಕೆ ಕೊಟ್ಟವನು ಅವನಾದರೂ, ಅವನ ಕಥೆ ಹೇಳುವವರು ಅವನಿಗಿಂತ ಹಗುರಾಗಬಾರದಲ್ಲ.

ಸಂತೆಗೆಂದು ಕಾಲುವೆಯ ಸೇತುವೆಯ ಹತ್ತಿರ ಬಸ್ಸಿಗೆ ನಿಂತರೆ ಅಲ್ಲೂ ಬಿಡಲಿಲ್ಲ. ಬಟ್ಟೆ ಒಗೆಯುತ್ತಿದ್ದ ಮುದುಕಿ ಬಾಲಮ್ಮ ಸೀರೆ ಹಿಂಡುತ್ತ, “ಏನಪಾ ಭಾಗಣ್ಣ, ಕಾಗದದಾಗ ಏನಿತ್ತು?” ಎಂದಳು.

“ಹೇಳಂಗಿಲ್ಲ ಅತ್ತಿ.”

“ಅಂದ್ರ ಭಾಳ ಇತ್ತು.”

“ಭಾಳ ಅಂತಾನೂ ಹೇಳಂಗಿಲ್ಲ, ಕಡಿಮಿ ಅಂತಾನೂ ಹೇಳಂಗಿಲ್ಲ.”

“ಅಯ್ಯ, ನಿನ್ನ ಹೊಟ್ಟ್ಯಾಗ ಮುಂಜಾನಿ ಉಂಡ ಮಾತು ಮಧ್ಯಾಹ್ನದ ತನಕ ನಿಂತದ್ದು ನಾ ಕಂಡಿಲ್ಲ. ಸಂಜಿಗಿ ನೀನಾಗೇ ಬಂದು ಹೇಳ್ತಿ ಬಿಡು.” ಕಾಲುವೆಯ ದಂಡೆಯ ಮೇಲಿದ್ದವರೆಲ್ಲ ನಕ್ಕರು. ನೀರು ಅಂಚಿನ ತನಕ ತುಂಬಿ ಹರಿಯುತ್ತಿತ್ತು. ಭಾಗಣ್ಣನೂ ನಕ್ಕ, ಆದರೆ ಈ ಸಲದ ನಗುವಿನಲ್ಲಿ ಒಂದು ಠೀವಿ ಇತ್ತು. ಕೇಳಲಿ. ಎಷ್ಟು ಬೇಕಾದರೂ ಕೇಳಲಿ. ಕೇಳಿದಷ್ಟೂ ಆ ಅಂಕಿ ಅವನಲ್ಲಿ ಬೆಳೆಯುತ್ತಿತ್ತು. ಹೇಳುವುದಿಲ್ಲ ಎನ್ನುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ಇಷ್ಟು ವರ್ಷ ಊರ ತುಂಬ ಬಾಯಿಬಿಟ್ಟುಕೊಂಡು ಯಾಕೆ ತಿರುಗುತ್ತಿದ್ದೆ ಎನ್ನಿಸಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಅಂಕಿಯನ್ನು ಮನಸ್ಸಿನಲ್ಲೇ ಒಂದು ಸಲ ನೆನೆದ. ನೆನೆಯಬಾರದಿತ್ತು. ನೆನೆದದ್ದಕ್ಕೆ ಅದು ಹೊಟ್ಟೆ ಬಿಟ್ಟು ಎದೆಗೆ ಬಂತು, ಎದೆಯಿಂದ ತೋಳಿಗೆ ಇಳಿಯಿತು, ಸಂತೆ ತಲುಪುವ ಹೊತ್ತಿಗೆ ಬೆರಳ ತುದಿಯಲ್ಲಿ ಗುಳುಗುಳು ಮಾಡುತ್ತಿತ್ತು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ಒಂದು ಟವೆಲ್. ಹಿಡಿದ ಒಂದೊಂದು ಬೆರಳಿಗೂ ಒಂದೊಂದು, ಅಂಗೈ ಪೂರ್ತಿ ಹಿಡಿದರೆ ಐದು. ಸೊನ್ನೆಗಳನ್ನು ದನದ ಮುಖ ನೋಡಿ ಹಾಕಿಕೊಳ್ಳಬೇಕು. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಸುರಪುರದ ಫಕ್ರುದ್ದೀನ ಅವನಿಗೆ ಹಳೆಯ ಜೊತೆಗಾರ. ಆ ಕಡೆಯ ಗಿರಾಕಿಗಳನ್ನು ಅವನು ತರುತ್ತಿದ್ದ, ಈ ಕಡೆಯ ದನಗಳನ್ನು ಇವನು. ಟ್ರ್ಯಾಕ್ಟರುಗಳು ಬಂದ ಮೇಲೆ ಸಂತೆ ಬಡವಾಗಿತ್ತು, ಆದರೂ ಅವತ್ತು ಒಂದು ಕಂದು ಜೋಡಿ ಬಂದಿತ್ತು, ನೋಡಿದವರು ನಿಂತು ನೋಡುವಂಥದು. “ಯಾಕೋ ಭಾಗಣ್ಣ, ಮದುಮಗನಂಗ ಮುಖ ಮಾಡಿಯಲ್ಲ?” ಎನ್ನುತ್ತ ಫಕ್ರುದ್ದೀನ ಟವೆಲ್ ಹಾಸಿ ಕೈ ಕೊಟ್ಟ. ಭಾಗಣ್ಣ ಅವನ ಕೈ ಹಿಡಿದ. ಎತ್ತಿನ ಕಣ್ಣು ನೋಡಿದ, ಕೊಂಬು ನೋಡಿದ. ಕಾರ್ಯದರ್ಶಿ ಎದ್ದು ನಿಂತದ್ದು ನೆನಪಾಯಿತು, ನಂಬಿ ಎಂದದ್ದು ನೆನಪಾಯಿತು, ನಗು ಬಂತು. ಆ ನಗುವಿನ ಗುಂಗಿನಲ್ಲಿ ಬೆರಳುಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ಹಿಡಿದು, ಬಿಟ್ಟು, ಮತ್ತೆ ಹಿಡಿದು, ಒತ್ತಿ ಮುಗಿಸಿದವು. ಫಕ್ರುದ್ದೀನನ ಕೈ ಟವೆಲಿನೊಳಗೆ ಗಪ್ಪನೆ ನಿಂತಿತು.

ಆ ಬೆಲೆಗೆ ಜೋಡಿ ಎತ್ತು ಹಾಗಿರಲಿ, ಒಂದು ಬಡಕಲು ಆಡು ಕೂಡ ಬರುತ್ತಿರಲಿಲ್ಲ. ಸೊನ್ನೆ ಹೆಚ್ಚಿಸುತ್ತ ಹೋದರೆ ಆನೆಯನ್ನೇ ಕೊಳ್ಳಬೇಕು. ಫಕ್ರುದ್ದೀನ ಮೊದಲು ಎತ್ತಿನ ಮುಖ ನೋಡಿದ, ಆಮೇಲೆ ಭಾಗಣ್ಣನ ಮುಖ ನೋಡಿದ. ನಿನ್ನೆ ಭಾಗಣ್ಣ ಯಾದಗಿರಿಗೆ ಹೋದದ್ದು ಅವನಿಗೆ ಗೊತ್ತಿತ್ತು, ಯಾಕೆ ಹೋದನೆಂಬುದೂ ಗೊತ್ತಿತ್ತು. ಕಣ್ಣಿನಲ್ಲಿ ಏನೋ ಹೊಳೆಯಿತು, ಅದನ್ನು ಭಾಗಣ್ಣ ಕಂಡ. ಕಂಡದ್ದೇ ತಡ, ತನ್ನ ಬೆರಳು ಒತ್ತಿದ್ದು ಎತ್ತಿನ ಬೆಲೆಯಲ್ಲ, ಹೊಟ್ಟೆಯೊಳಗಿನ ಅಂಕಿಯನ್ನೇ ಎಂದು ತಿಳಿಯಿತು. ಫಕ್ರುದ್ದೀನ ಟವೆಲ್ ಎಳೆದುಕೊಂಡು ಹೆಗಲಿಗೆ ಹಾಕಿ, “ಸುರಪುರದ ಬಸ್ಸು ಬಂತು, ನಾ ಹೊಂಟೆ,” ಎಂದವನೇ ಚಹಾ ಕೂಡ ಕುಡಿಯದೆ ಹೋಗಿಬಿಟ್ಟ. ಫಕ್ರುದ್ದೀನ ಚಹಾ ಬಿಟ್ಟು ಹೋದದ್ದನ್ನು ಭಾಗಣ್ಣ ಈ ಜನ್ಮದಲ್ಲಿ ಕಂಡಿರಲಿಲ್ಲ. ಬಸ್ಸಿನ ಧೂಳು ಅಡಗುವ ಹೊತ್ತಿಗೆ ಇನ್ನೊಂದು ಹೊಳೆಯಿತು. ಫಕ್ರುದ್ದೀನನ ಅಳಿಯ ಗುಮಾಸ್ತನಾಗಿರುವುದು ಸುರಪುರದ ಗುತ್ತಿಗೆದಾರನ ಹತ್ತಿರ. ಆ ಇನ್ನೊಂದು ಕೆಲಸಕ್ಕೆ ಕಂಪನಿಯ ಎದುರು ಟೆಂಡರು ಹಾಕಿದವನು ಆ ಗುತ್ತಿಗೆದಾರನೇ.

ಎತ್ತಿನ ಹಗ್ಗ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದನೋ. ಎತ್ತಿನ ಒಡೆಯ ಎರಡು ಸಲ ಕೇಳಿದ ಮೇಲೆ, ಇವತ್ತು ವ್ಯಾಪಾರ ಆಗಂಗಿಲ್ಲ ಎಂದ. ತನ್ನ ಬಲಗೈಯನ್ನು ತಾನೇ ನೋಡಿಕೊಂಡ. ಈ ಕೈ ಉಣ್ಣುತ್ತದೆ, ದೇವರಿಗೆ ಮುಗಿಯುತ್ತದೆ, ಕರೆಮ್ಮನ ಬೆನ್ನು ತುರಿಸುತ್ತದೆ. ಇದಕ್ಕೆ ಒಂದು ದಿನ ತೆಪ್ಪಗಿರಲು ಆಗಲಿಲ್ಲವಲ್ಲ. ಬಾಯಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತಾಯಿತು. ಮಾವ ಸತ್ತು ಎಷ್ಟೋ ವರ್ಷವಾಗಿತ್ತು, ಆದರೂ ಎಮ್ಮೆಯ ಬಾಲದ ಮಾತು ಸಂತೆಯ ಗದ್ದಲದ ನಡುವೆ ಕಿವಿಯಲ್ಲೇ ಕೇಳಿದಂತಾಯಿತು. ಊರಿಗೆ ಬಂದವನು ನೆಟ್ಟಗೆ ತಾಯಪ್ಪ ಮಾಸ್ತರರ ಮನೆಗೆ ಹೋದ. ಅಂಕಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಬಾಯಿಂದ ಹೇಳಿಯೇನು?”

“ಇಲ್ರಿ.”

“ಬರದು ಕೊಟ್ಟಿಯೇನು?”

“ಇಲ್ರಿ ಮಾಸ್ತರ.”

“ಮುಗೀತಲ್ಲ! ಮುಚ್ಚಳಿಕ್ಯಾಗ ಬಾಯಿ ಅದ, ಬರಹ ಅದ. ಬೆರಳು ಎಲ್ಲದ? ನಾಳಿ ವಿಚಾರಣ್ಯಾಗ ಮಂಡಳಿ ಅಧ್ಯಕ್ಷರು ಯಾರಿಗರ ತಿಳಿಸಿಯೇನು ಅಂತ ಕೇಳೇ ಕೇಳ್ತಾರ. ಇಲ್ಲ ಅನ್ನು. ಖರೇನೇ ಆತದಲ್ಲ. ನೀ ಹೌದಂದ್ರ ಇಡೀ ಊರಿನ ತಕರಾರು ಮಣ್ಣಾಗತದ ನೋಡು. ನಿನ್ನ ಮರ್ಯಾದಿ ದೊಡ್ಡದೋ, ಊರ ನೀರು ದೊಡ್ಡದೋ?”

ಭಾಗಣ್ಣನಿಗೆ ಮಾಸ್ತರರು ತಪ್ಪು ಹೇಳಿದರೆಂದು ಅನ್ನಿಸಲಿಲ್ಲ. ಹೊಲದ ಕಡೆ ಹೋದ. ಕರೆಮ್ಮ ಸೆರಗು ಬಿಗಿದು ನೀರು ತಿರುಗಿಸುತ್ತಿದ್ದಳು. ದಿಬ್ಬ ಹತ್ತಿ ಬಂದ ನೀರು, ದಣಿದ ನೀರು, ಅವಳ ಕಾಲ ಬೆರಳ ಸಂದಿಯಿಂದ ಸಾಲಿಗೆ ಇಳಿಯುತ್ತಿತ್ತು. ಬದುವಿನ ಮೇಲೆ ಕೂತು ಅವಳಿಗೂ ಹೇಳಿದ. ಸಂತೆ, ಜೋಡಿ ಎತ್ತು, ಟವೆಲ್, ಬೆರಳು. ಅವಳು ಸಲಿಕೆ ಊರಿ ಕೇಳುತ್ತ ಕೇಳುತ್ತ ಬಾಯಿಗೆ ಸೆರಗು ಹಿಡಿದಳು. ಆಮೇಲೆ ತಡೆಯಲಾರದೆ ನೀರಿನಲ್ಲೇ ಕುಕ್ಕರಿಸಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ನನ್ನ ಮುಂದ ನಿನ್ನಿಯಿಂದ ತುಟಿ ಪಿಟಕ್ ಅನ್ನಲಾರದವರು, ಅಲ್ಲಿ ಆ ಸಾಬಣ್ಣನ ಕೈ ಹಿಡದು ಎಲ್ಲಾ ಹೇಳಿ ಬಂದೀರಿ!” ಹೆಸರು ತಪ್ಪಾಯಿತೆಂದು ಅವನು ತಿದ್ದಿದ. “ಯಾವನರ ಇರಲಿ ತಗೀರಿ,” ಎಂದು ಮತ್ತೆ ನಕ್ಕಳು. ಅವಳು ನಗುತ್ತಿದ್ದರೆ ಭಾಗಣ್ಣನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು. ಮಾಸ್ತರರು ಅಂದದ್ದನ್ನೂ ಹೇಳಿದ. ಅವಳ ನಗು ನಿಂತಿತು. ಎದ್ದು ಸಲಿಕೆಯಿಂದ ಒಂದು ಸಾಲಿನ ಬಾಯಿ ಮುಚ್ಚಿದಳು.

“ನನಗ ನೀರು ಬೇಕು, ಖರೇ. ಈ ಹೊಲ ಹಸರಾದಾಗ ನನ್ನ ಜೀವ ಹಸರಾಗ್ಯದ. ಆದ್ರ ನೀವು ಇಲ್ಲ ಅಂತ ಹೇಳಿ ಬಂದು ದಿನಾ ನನ್ನ ಮುಂದ ಹಿಂಗ ಮುಖಾ ಜೋತುಬಿಟ್ಟು ಕುಂತ್ರ, ಆ ನೀರಿನ ಜ್ವಾಳ ನನಗ ರುಚಿ ಹತ್ತಂಗಿಲ್ಲ. ಮುಂದಿಂದು ನನಗ ಕೇಳಬ್ಯಾಡ್ರಿ. ಬೆರಳೂ ನಿಮ್ಮವೇ, ನಾಲಿಗೀನೂ ನಿಮ್ಮದೇ.”

ಅವಳು ಹೊಲದಲ್ಲಿ ಅಂದದ್ದು ಮರುದಿನ ಟ್ರ್ಯಾಲಿಯಲ್ಲಿ ಯಾದಗಿರಿಗೆ ಹೋಗುವಾಗಲೂ, ಪ್ರವಾಸಿ ಮಂದಿರದ ಅಂಗಳದ ಬೇವಿನ ನೆರಳಿನಲ್ಲೂ ಭಾಗಣ್ಣನಿಗೆ ಒಂದೇ ಸಮನೆ ಕೇಳುತ್ತಲೇ ಇತ್ತು. ಸಭೆಯ ಕೋಣೆಯಲ್ಲಿ ಊರಿಗೆ ಊರೇ ಬಂದು ತುಂಬಿತ್ತು. ಹೊರಗೆ ಹಾಕಿದರೆ ನಾವು ಹೋಗುವವರೇ ಅಲ್ಲ, ಬಾಗಿಲು ಮುಚ್ಚಿ ಒಳಗೆ ಏನು ಕಾರಭಾರ ನಡೆಸುತ್ತಾರೋ ನೋಡಿಯೇ ಬಿಡುತ್ತೇವೆ ಎಂದು ದಾರಿಯುದ್ದಕ್ಕೂ ಪಣ ತೊಟ್ಟು ಬಂದಿದ್ದರು. ಬಾಲಮ್ಮ ಎಲ್ಲರಿಗಿಂತ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮೇಜಿನ ಆಚೆ ನರೆತ ಹುಬ್ಬಿನ ಅಧ್ಯಕ್ಷರು, ಅವರ ಪಕ್ಕದಲ್ಲಿ ಕಾರ್ಯದರ್ಶಿ, ಈ ಕಡೆ ಕಂಪನಿಯ ವಕೀಲರು. ಕಾರ್ಯದರ್ಶಿ ಭಾಗಣ್ಣನನ್ನು ಕಂಡು ಸಣ್ಣಗೆ ನಕ್ಕಳು. ಆ ನಗು ಒಂದು ಇಲ್ಲದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಧ್ಯಕ್ಷರು ಕೇಳಿದರು, “ನೀವು ನೋಡಿದ ವಿಷಯವನ್ನ ಯಾರಿಗಾದರೂ ತಿಳಿಸಿದ್ದೀರಾ?”

ಭಾಗಣ್ಣ ಎದ್ದು ನಿಂತ. ಇಲ್ಲ ಎಂಬುದು ಎಷ್ಟು ಸಣ್ಣ ಮಾತು. ನಾಲಿಗೆಯ ತುದಿಯಲ್ಲೇ ಇತ್ತು, ಒಂದು ಸಲ ಉಸಿರುಬಿಟ್ಟರೆ ತಾನಾಗಿ ಬೀಳುತ್ತಿತ್ತು. ಮಾಸ್ತರರು ಕಣ್ಣಿನಲ್ಲೇ ಆಗಲಿ ಆಗಲಿ ಎನ್ನುತ್ತಿದ್ದರು. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. “ಬಾಯಿಂದ ಹೇಳಿಲ್ರಿ ಸಾಹೇಬ್ರ. ಬರದೂ ಕೊಟ್ಟಿಲ್ರಿ,” ಎಂದ. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಅಧ್ಯಕ್ಷರು ಆಗಲೇ ಮುಂದಿನ ಹಾಳೆ ತಿರುಗಿಸುತ್ತಿದ್ದರು. “ಬೆರಳಿನಿಂದ ಹೇಳೀನ್ರಿ.”

ಹಾಳೆ ಅರ್ಧಕ್ಕೆ ನಿಂತಿತು. ಏನು, ಹೇಗೆ ಎಂದು ಕೇಳಿದರು. ಭಾಗಣ್ಣ ಮೊದಲಿನಿಂದ ಹೇಳಿದ. ತಡವರಿಸಿ ಹೇಳಿದ, ಎತ್ತು ಮೊದಲೋ ಟವೆಲ್ ಮೊದಲೋ ಗೊಂದಲ ಮಾಡಿಕೊಂಡು ಹೇಳಿದ. ಕಾರ್ಯದರ್ಶಿಗೆ ಅರ್ಥವಾಗದೆ, ಟವೆಲ್ ಯಾಕೆ ಎಂದಳು. ಅವನು ವಿವರಿಸಿದ. ಮಾಸ್ತರರು ಹಣೆ ಚಚ್ಚಿಕೊಂಡದ್ದು ಕೇಳಿಸಿತು. ಹಿಂದಿನಿಂದ ಯಾರೋ, ತಗೋ, ಹೋತು ನಮ್ಮ ನೀರು, ಎಂದರು. ಕಂಪನಿಯ ವಕೀಲರು ಆಗಲೇ ಎದ್ದು, ತಕರಾರು ವಜಾ ಆಗಬೇಕು ಸ್ವಾಮಿ, ಈ ಕ್ಷಣವೇ ಆಗಬೇಕು ಎನ್ನುತ್ತಿದ್ದರು. ಅಧ್ಯಕ್ಷರು ಕೈಯೆತ್ತಿ ಅವರನ್ನು ತಡೆದು, “ಯಾರ ಕೈಗೆ ಹೇಳಿದ್ರಿ?” ಎಂದರು.

“ಸುರಪುರದ ಫಕ್ರುದ್ದೀನನ ಕೈಗ್ರಿ.”

“ನಾ ಇಲ್ಲೇ ಅದೀನ್ರಿ,” ಎಂಬ ಧ್ವನಿ ಬಾಗಿಲಿನಿಂದ ಬಂತು. ಎಲ್ಲರೂ ತಿರುಗಿದರು. ಫಕ್ರುದ್ದೀನ ನಿಂತಿದ್ದ, ಗದ್ದದಿಂದ ನೆತ್ತಿಯ ತನಕ ಬಿಳಿ ಬಟ್ಟೆ ಬಿಗಿದು ಕಟ್ಟಿ, ಹಲ್ಲುನೋವಿನವನ ಹಾಗೆ. ಬಟ್ಟೆ ಬಿಚ್ಚುತ್ತ ಮುಂದೆ ಬಂದ. “ಭಾಗಣ್ಣಗ ಹೆದರಬ್ಯಾಡ ಅಂತ ಹೇಳಾಕ ಮುಂಜಾನಿ ಮೊದಲ ಬಸ್ಸಿಗೇ ಬಂದೀನ್ರಿ, ಇಂವ ನೋಡಿದ್ರ ಆಗ್ಲೇ ಎಲ್ಲಾ ಹೇಳಿ ಕುಂತಾನ.”

ಅಧ್ಯಕ್ಷರು ಕೇಳಿದರು, “ಅವರು ಹೇಳಿದ ಅಂಕಿ ಯಾವುದು?”

“ಹೇಳಂಗಿಲ್ರಿ.”

“ಇದು ಮಂಡಳಿ. ಆ ಕಾಗದ ನನ್ನ ಮುಂದೆಯೇ ಇದೆ. ನನಗೆ ಹೇಳಬಹುದು.”

“ನಿಮ್ಮ ಮುಂದನೇ ಇದ್ರ ನೀವೇ ಓದ್ಕೋರಿ ಸಾಹೇಬ್ರ, ನನ್ನ ಯಾಕ ಕೇಳ್ತೀರಿ? ಟವೆಲ್ ಕೆಳಗಿಂದು ಮ್ಯಾಲ ತಂದ್ರ ನಾಳಿಂದ ಯಾವ ಮಗ ನನ್ನ ಕೈಯಾಗ ಕೈ ಕೊಡ್ತಾನ? ನಿನ್ನಿ ಮನಿಗಿ ಅಳಿಯ ಬಂದಿದ್ದ್ರಿ. ಕಂಪನಿ ಎದುರು ಟೆಂಡರು ಹಾಕಿದ ಗುತ್ತೇದಾರನ ಗುಮಾಸ್ತ. ಮಾತಿಗಿ ಮಾತು ಬಂದು ಎಲ್ಲಿ ಬಾಯಿ ಜಾರತದೋ ಅಂತ, ಹಲ್ಲು ನೋವು ಅಂತ ಹೇಳಿ ಹಿಂಗ ಬಾಯಿ ಕಟ್ಕೊಂಡು ಕುಂತೆ. ಅಳಿಯನ ಸಲವಾಗಿ ಮನ್ಯಾಗ ಬಿರ್ಯಾನಿ ಮಾಡಿದ್ರು. ಎಲ್ಲಾರೂ ಉಂಡ್ರು. ನನಗ ಗಂಜಿ ಕುಡಿಸಿದ್ರು.”

ಮೊದಲು ನಕ್ಕವರು ಅಧ್ಯಕ್ಷರೇ. ಆಮೇಲೆ ಕೋಣೆಯ ಹಂಚು ಹಾರುವಂತೆ ಎಲ್ಲರೂ ನಕ್ಕರು. ಕಾರ್ಯದರ್ಶಿ ಕಡತವನ್ನು ಮುಖಕ್ಕೆ ಅಡ್ಡ ಹಿಡಿದಳು. ವಕೀಲರೊಬ್ಬರು ನಗಲಿಲ್ಲ, ಆದರೆ ಅವರೂ ಕೂತರು. ಭಾಗಣ್ಣನಿಗೆ ಮಾತ್ರ ನಗು ಬರಲಿಲ್ಲ. ಫಕ್ರುದ್ದೀನನನ್ನು ನೋಡುತ್ತ ನಿಂತ. ಒಂದು ಹಗಲು ಒಂದು ರಾತ್ರಿ ತಾನು ಈ ಮನುಷ್ಯನ ಮೇಲೆ ಸಂಶಯಪಟ್ಟೆನಲ್ಲ. ಊರು ತನ್ನ ಮೇಲೆ ಪಡುವ ಸಂಶಯವನ್ನೇ, ಅದೇ ಎರಡು ನಾಲಿಗೆಯ ಮಾತನ್ನೇ, ತಾನೂ ಎತ್ತಿಕೊಂಡು ಇನ್ನೊಬ್ಬನ ಮೇಲೆ ಹಾಕಿದೆನಲ್ಲ. ಅಧ್ಯಕ್ಷರು ನಗು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡು ಹೇಳಿದರು: ಮಾತಿಗೆ ಭಂಗ ಬಂದದ್ದು ನಿಜ, ಅದನ್ನು ಬರೆದುಕೊಳ್ಳಲಾಗಿದೆ. ಆದರೆ ಭಂಗ ಮಾಡಿದವರು ಮುಚ್ಚಿಡಬಹುದಾಗಿದ್ದರೂ ತಾವಾಗಿ ಒಪ್ಪಿಕೊಂಡಿದ್ದಾರೆ, ಕೇಳಿಸಿಕೊಂಡವರು ನನಗೂ ಹೇಳಲು ಒಪ್ಪುತ್ತಿಲ್ಲ. ಕಂಪನಿಯ ಗುಟ್ಟಿಗೆ ಇದಕ್ಕಿಂತ ಭದ್ರವಾದ ಜಾಗ ನನ್ನ ಕಚೇರಿಯಲ್ಲೂ ಇಲ್ಲ. ತಕರಾರು ಉಳಿಯುತ್ತದೆ. “ಭಾಗಣ್ಣನವರೇ, ಆದೇಶ ಆಗೋವರೆಗೂ ದಯವಿಟ್ಟು ಯಾರ ಕೈಯನ್ನೂ ಹಿಡೀಬೇಡಿ.”

ಇನ್ನು ಕಾಗದದ ಮೇಲಿನ ಮಾತು. ಅದಕ್ಕೆ ಮುಚ್ಚಳಿಕೆ ಕೊಟ್ಟವರನ್ನು ಬಿಟ್ಟು ಉಳಿದವರೆಲ್ಲ ಹೊರಗೆ ಹೋಗಬೇಕು ಎಂದು ಕಾರ್ಯದರ್ಶಿ ಹೇಳಿದಳು. ಹೇಳುವಾಗ ಅವಳ ಧ್ವನಿ ಸ್ವಲ್ಪ ಅಳುಕಿತು. ಊರಿನವರು ಪಣ ತೊಟ್ಟು ಬಂದ ಸುದ್ದಿ ಅವಳಿಗೂ ಮುಟ್ಟಿತ್ತು. ಭಾಗಣ್ಣ ತಲೆ ತಗ್ಗಿಸಿದ. ಈಗ ಶುರುವಾಗುತ್ತದೆ ಗಲಾಟೆ. ಅವನೊಬ್ಬನ ಕೈಗೆ ಹೇಗೆ ಬಿಟ್ಟು ಹೋಗುವುದು, ಬೆರಳು ಜಾರಿದವ, ದಲ್ಲಾಳಿ ಎನ್ನುತ್ತಾರೆ. ಅನ್ನಲಿ, ಅನ್ನಬೇಕಾದ್ದೇ. ಅಷ್ಟರಲ್ಲಿ ಮುಂದೆ ಕೂತಿದ್ದ ಬಾಲಮ್ಮ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಎದ್ದು ಸೀರೆ ಜಾಡಿಸಿದಳು.

“ಏಳ್ರಿ, ಏಳ್ರಿ. ಒಳಗ ಭಾಗಣ್ಣ ಅದಾನಲ್ಲ.”

ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಮಾಸ್ತರರು ಭಾಗಣ್ಣನ ಪಕ್ಕದಲ್ಲಿ ಹಾಯುವಾಗ ಒಂದು ಗಳಿಗೆ ನಿಂತು, ಅವನ ಅಂಗಿಯ ಕಾಲರು ಮಡಚಿಕೊಂಡದ್ದನ್ನು ನೆಟ್ಟಗೆ ಮಾಡಿ ಹೋದರು. ಕರೆಮ್ಮ ಕೊನೆಗೆ ಹೋದಳು, ಹೋಗುತ್ತ ಬಾಗಿಲನ್ನು ತಾನೇ ಎಳೆದುಕೊಂಡಳು. ಊರು ಖಾಲಿಯಾದ ಕೋಣೆಯಲ್ಲಿ ಭಾಗಣ್ಣ ಕುರ್ಚಿ ಎಳೆದುಕೊಂಡು ಕೂತ. ಕಾರ್ಯದರ್ಶಿ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಆಮೇಲೆ ಒಳಗೆ ನಡೆದದ್ದನ್ನು ಬರೆಯುವ ಹಾಗಿಲ್ಲ. ಭಾಗಣ್ಣ ತಡವರಿಸಿದ, ತಿಳಿಯದ್ದನ್ನು ತಿಳಿಯದು ಎಂದ, ತಿಳಿದ ಒಂದನ್ನು ಬೆರಳಿಟ್ಟು ತೋರಿಸಿದ. ಬೆರಳಿಟ್ಟದ್ದಕ್ಕೆ ಅಧ್ಯಕ್ಷರು ಇನ್ನೊಮ್ಮೆ ನಕ್ಕರು ಎಂಬಷ್ಟು ಹೇಳಿದರೆ ಯಾರ ವ್ಯಾಪಾರವೂ ಮುಳುಗುವುದಿಲ್ಲ.

ಹೊತ್ತು ಬಾಗಿದ ಮೇಲೆ ಕಾರ್ಯದರ್ಶಿ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಆದೇಶ ಓದಿದಳು. ದರ ಏರಿತು, ಆದರೆ ಕಂಪನಿ ಕೇಳಿದ್ದರ ಕಾಲು ಭಾಗವೂ ಏರಲಿಲ್ಲ. ಬೇವಿನ ಗಿಡದ ಕೆಳಗಿದ್ದ ಊರು ಒಮ್ಮೆಗೇ ಎದ್ದು ಕೇಕೆ ಹಾಕಿತು. ಬಾಲಮ್ಮ ಎರಡೂ ಕೈಯಿಂದ ಕಾರ್ಯದರ್ಶಿಯ ಗಲ್ಲ ಹಿಡಿದು ಲಟಿಕೆ ಮುರಿದಳು. ಫಕ್ರುದ್ದೀನನಿಗೆ ಚಹಾದ ಮೇಲೆ ಚಹಾ ಕುಡಿಸಿ, ಜೊತೆಗೆ ಮಿರ್ಚಿ ಭಜಿ ತಿನ್ನಿಸಿ ಸುರಪುರದ ಬಸ್ಸು ಹತ್ತಿಸಿದರು. ಬಾಯಿ ಕಟ್ಟುವ ಬಟ್ಟೆಯನ್ನು ಅವನು ಕಿಟಕಿಯಿಂದ ಬಾವುಟದ ಹಾಗೆ ಬೀಸುತ್ತ ಹೋದ.

ಟ್ರ್ಯಾಲಿಯಲ್ಲಿ ಭಾಗಣ್ಣನಿಗೆಂದು ದಪ್ಪ ಚೀಲ ಹಾಸಿ ಜಾಗ ಬಿಟ್ಟಿದ್ದರು. ಕೂತ. ಈಗ ಕೇಳುತ್ತಾರೆ ಎಂದುಕೊಂಡ. ಕಾಗದದಲ್ಲಿ ಏನಿತ್ತು, ಒಳಗೆ ನೀ ಏನಂದೆ, ಕಂಪನಿಯ ಕೊನೆಯ ಬೆಲೆ ಎಷ್ಟು, ವಕೀಲ ಹೇಗೆ ಬೆವತ. ಹೇಳಂಗಿಲ್ಲ ಎನ್ನಲು ನಾಲಿಗೆಯನ್ನು ಸಜ್ಜು ಮಾಡಿಟ್ಟುಕೊಂಡ. ಟ್ರ್ಯಾಕ್ಟರು ಹೊರಟಿತು. ಬಾಲಮ್ಮ ಮೊಮ್ಮಗಳ ಸೀಮಂತದ ಮಾತು ತೆಗೆದಳು. ಇಬ್ಬರು ಶೇಂಗಾ ಬೀಜದ ಬಗ್ಗೆ ಜಗಳವಾಡಿದರು. ಮಾಸ್ತರರು ಅವನ ಕಡೆ ತಿರುಗಿ ಬಾಯಿ ತೆರೆದರು, ಬಾಯಿ ಮುಚ್ಚಿದರು, ಆಮೇಲೆ, “ಬಿಸಲು ಬಡ್ಯಾಕತ್ತಿದ್ರ ಈ ಕಡಿ ಸರಿ,” ಎಂದರು. ಶಹಾಪುರ ದಾಟಿತು. ಯಾರೂ ಏನೂ ಕೇಳಲಿಲ್ಲ. ಕೇಳುವುದಿಲ್ಲ ಎಂಬುದು ನಿಧಾನಕ್ಕೆ ಅವನಿಗೆ ಖಾತ್ರಿಯಾಯಿತು. ಖಾತ್ರಿಯಾದಂತೆ ಎದೆ ಎಷ್ಟು ತುಂಬಿತೆಂದರೆ, ಕಣ್ಣಿಗೆ ಧೂಳು ಬಿದ್ದವನಂತೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡು ಒಬ್ಬೊಬ್ಬರ ಮುಖ ನೋಡುತ್ತ ಹೋದ. ಇಷ್ಟೊಂದು ನಂಬಬಾರದಿತ್ತು ಇವರು. ಒಬ್ಬರಾದರೂ, ಒಂದೇ ಒಂದು ಸಲ, ಸುಮ್ಮನೆ ಬಾಯಿಮಾತಿಗಾದರೂ ಕೇಳಬಾರದೇ? ಆಸೆಯಿಂದ ಕರೆಮ್ಮನ ಕಡೆ ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಬೇಕಂತಲೇ ಹೊಲಗಳ ಕಡೆ ಮುಖ ತಿರುಗಿಸಿ ಕೂತಿದ್ದಳು. ನಗು ತಡೆಯಲಾರದೆ ಅವಳ ಹೆಗಲು ಕುಣಿಯುತ್ತಿತ್ತು.